ಸೂಚಿಯಮ್ಮ ಇಟ್ಟ ಜಾಗ

ಹಿಟ್ಟಿನ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿದಾಗ ಲಿಫ್ಟಿನವರ ಬೆರಳಿಗೆ ಕನ್ನಡಕ ತಗುಲಿತು. ಲಿಫ್ಟ್ ರಿಪೇರಿಯ ಕೆಲಸದಿಂದ ಅವರಿಗೆ ಆ ಹೆಸರು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಯಾವ ವಸ್ತುವನ್ನೇ ಆದರೂ ಇರಬಾರದ ಕಡೆ ಮೊದಲು ಹುಡುಕುವುದು ಅವರ ಜಾಯಮಾನ. ಅವರು ಎಲ್ಲಿ ಹುಡುಕಬಹುದೆಂದು ಊಹಿಸಿ ಅಲ್ಲಿಯೇ ಇಟ್ಟಿರುವುದು ಹೆಂಡತಿಯ ಜಾಯಮಾನ. ಸಂಸಾರ ನಡೆದದ್ದೇ ಹಾಗೆ. ಕನ್ನಡಕ ಮೂಗಿಗೇರಿಸಿ, ಕಿಟಕಿಯ ಬೆಳಕು ನೋಡಿದ ಮೇಲೆಯೇ ಅವರಿಗೆ ಎಚ್ಚರವಾದದ್ದು. ಹೆಂಡತಿ ನಿನ್ನೆ ಸಂಜೆಯೇ ತೀರಿಕೊಂಡಿದ್ದಳು. ಕನ್ನಡಕವನ್ನು ರಾತ್ರಿ ಮಲಗುವಾಗ ಅವರೇ ಬಿಚ್ಚಿ ಎಲ್ಲೋ ಇಟ್ಟಿದ್ದರು.

ಅಷ್ಟು ಹಿಟ್ಟಿನೊಳಗಿಂದ ಎಳೆದು ತೆಗೆದ ಕನ್ನಡಕದ ಮೇಲೆ ಒಂದು ಚಿಟಿಕೆ ಹಿಟ್ಟೂ ಇರಲಿಲ್ಲ. ಆಗಷ್ಟೇ ಸೆರಗಿನಲ್ಲಿ ಒರೆಸಿಟ್ಟ ಹಾಗಿತ್ತು.

ಅವರು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ, ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಅವರ ಮನಸ್ಸೂ ಬೇರೆ ಕಡೆಗಿತ್ತು. ಅವರಿಗೆ ಬೇಕಿದ್ದದ್ದು ಕನ್ನಡಕವಲ್ಲ, ಬೂದು ಬಣ್ಣದ ಒಂದು ಹಳೆಯ ಶಾಲು. ಹೆಣ ಒಯ್ಯುವ ಗಾಡಿ ಬರುವುದರೊಳಗೆ ಅದು ಸಿಗಬೇಕಿತ್ತು.

ನಡುಮನೆಯಲ್ಲಿ ಎದುರುಮನೆಯಾಕೆ ಹೆಣದ ಹೊದಿಕೆ ಸರಿಮಾಡುತ್ತಿದ್ದಳು. ಮೀಯಿಸಿ, ತಲೆ ಬಾಚಿ, ಎಲ್ಲ ಅವಳೇ ಮಾಡಿದ್ದಳು. "ಉಗುರಿನ ಸಂದಿ ಸಮೇತ ತೊಳೆದಿದೀನಿ. ಕೈ ಕೊಳೆ ಮಾಡ್ಕೊಂಡು ಕೂತೋಳಲ್ಲ ಅವಳು," ಎಂದಳು. ಹೊದಿಕೆಗೆ ಒಂದು ಪಿನ್ನು ಬೇಕಿತ್ತು. ಏನು ತೋಚಿತೋ, ಮೂಲೆಯ ರೇಡಿಯೋ ಎತ್ತಿ ನೋಡಿದಳು. ಪಿನ್ನು ಅಡಿಯಲ್ಲಿತ್ತು. "ಸೂಜಿಯಮ್ಮನ ಮನೇಲಿ ಪಿನ್ನಿಗೇನು ಬರ," ಎಂದು ಮೂಗು ಒರೆಸಿಕೊಂಡಳು.

ಸ್ವಲ್ಪ ಹೊತ್ತಿಗೆ ಮಗಳು ಫೋನಿನ ಚಾರ್ಜರ್ ಹುಡುಕುತ್ತ ಬಂದವಳು, ನಿದ್ದೆಗೆಟ್ಟ ಮಂಪರಿನಲ್ಲಿ ಫ್ರಿಜ್ಜಿನ ಬಾಗಿಲು ತೆರೆದಳು. ಹಾಲಿನ ಪಕ್ಕದಲ್ಲಿ ಅದು ಸುರುಳಿ ಸುತ್ತಿಕೊಂಡು ಕೂತಿತ್ತು. ಅಮ್ಮ ಸುತ್ತುತ್ತಿದ್ದ ಹಾಗೆಯೇ, ತುದಿಯನ್ನು ಒಳಗೆ ಸಿಕ್ಕಿಸಿ. ಮಗಳು ಅದನ್ನು ಮುಟ್ಟಲಿಲ್ಲ.

"ಅಪ್ಪ, ಇದನ್ನ ನೀವಿಟ್ರಾ? ಈಗ ತಾನೆ ಮೇಲೆ ನನ್ನ ರೂಮಲ್ಲಿತ್ತು."

ಲಿಫ್ಟಿನವರು ಫ್ರಿಜ್ಜಿನ ಬಾಗಿಲು ಮುಚ್ಚಿದರು.

*

ಔಷಧಿ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ ಲಿಫ್ಟಿನವರ ಹೆಂಡತಿಗೆ ಕೆಲಸವಿತ್ತು. ಒಂದೊಂದು ಕೈಪಿಡಿಯೂ ದಿಂಬಿನಷ್ಟು ದಪ್ಪ. ಅದರ ಕೊನೆಯಲ್ಲಿ ಬರುವ ಪದಸೂಚಿ, ಯಾವ ವಿಷಯ ಯಾವ ಪುಟದಲ್ಲಿದೆ ಎಂಬುದು, ಅವಳದು. ಕಂಪನಿಯವರು ಸೂಚಿಯಮ್ಮ ಎಂದರು. ಎದುರುಮನೆಯಾಕೆಯ ಕಿವಿಗೆ ಅದು ಸೂಜಿಯಮ್ಮ ಎಂದು ಬಿತ್ತು. ಹೊಲಿಗೆಯವಳಿರಬೇಕೆಂದುಕೊಂಡು, ಗುಂಡಿ ಕಿತ್ತ ಅಂಗಿ, ಹೊಲಿಗೆ ಬಿಟ್ಟ ಲಂಗ ಎಲ್ಲ ತಂದು ಸುರಿದಳು. ಇವಳು ಒಂದು ಮಾತೂ ಆಡದೆ ಎಲ್ಲವನ್ನೂ ಹೊಲಿದು ಕೊಟ್ಟಳು. ವರ್ಷಗಟ್ಟಲೆ ಕೊಟ್ಟಳು.

"ನಿನ್ನ ಕೆಲಸ ಅದಲ್ಲ ಅಂತ ಹೇಳಬಾರದಾ?" ಎಂದು ಗಂಡ ರೇಗಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ: "ತಪ್ಪು ಪದ ಹಿಡ್ಕೊಂಡು ಬಂದೋರನ್ನ ಬರಿಗೈಲಿ ಕಳಿಸಬಾರದು ಕಣ್ರೀ. ಸರಿ ಪದ ಗೊತ್ತಿದ್ರೆ ಅವರು ಯಾಕೆ ಹುಡುಕ್ತಿದ್ರು?"

ಅವಳ ವಿದ್ಯೆಯೆಲ್ಲ ಅದರಲ್ಲಿಯೇ ಇತ್ತು. ಸಂಜೆ ಬೂದು ಶಾಲು ಹೊದ್ದು ಊಟದ ಮೇಜಿನ ಮುಂದೆ ಕೂತು ಗಂಡನನ್ನು ಕೇಳುವಳು: ನಿಮ್ಮ ಬಿಲ್ಲು ಅಳಿಸಿಹೋಗಿದೆ, ಅಂಗಡಿ ತುಂಬ ಜನ, ಪುಸ್ತಕ ತೆಗೆದ್ರಿ, ಯಾವ ಪದ ಹುಡುಕ್ತೀರಿ? ಲಿಫ್ಟಿನವರು ಯೋಚಿಸಿ, "ಅಯ್ಯೋ ಅಂತೀನಿ," ಎಂದರು. ಅವಳು ನಗದೆ ಬರೆದುಕೊಂಡಳು. ದಾರಿ ತಪ್ಪುವುದರಲ್ಲಿ ನಿಮ್ಮಂಥೋರು ಇನ್ನೊಬ್ಬರಿಲ್ಲ, ನಿಮ್ಮಿಂದಲೇ ನನ್ನ ಅನ್ನ ಎಂದಳು.

*

ಆ ಕೈಪಿಡಿಗಳನ್ನು ಬರೆಯುತ್ತಿದ್ದ ಮನುಷ್ಯ ಹೂವು ಹಿಡಿದು ಬಂದಿದ್ದ. ಅವನೇ ಬಂದವರಿಗೆ ಆ ಕತೆ ಹೇಳಿದ. ಪದಸೂಚಿಯಲ್ಲಿ ನಿಜಕ್ಕೂ 'ಅಯ್ಯೋ' ಎಂದು ಅಚ್ಚಾಗಿತ್ತಂತೆ, ಪಕ್ಕದಲ್ಲಿ 'ನೋಡಿ: ಅಳಿಸಿದ ಬಿಲ್ಲು, ವಾಪಸು ಪಡೆಯುವುದು' ಎಂದು. ಮೇಲಿನವರು ಕೂಗಾಡಿದಾಗ, ಅಯ್ಯೋ ಮೊದಲು, ಅಳು ಆಮೇಲೆ, ಅಕ್ಷರಮಾಲೆಗೂ ಅದು ಗೊತ್ತು ಅಂದಳಂತೆ. ಸಾವಿನ ಮನೆಯಲ್ಲಿ ನಾಲ್ಕು ಜನ ನಕ್ಕರು. ಲಿಫ್ಟಿನವರು ನಗಲಿಲ್ಲ.

"ಕುರುಡು 'ನೋಡಿ' ಅಂತೀವಿ ನಾವು," ಎಂದ ಆತ. "ಇಲ್ಲಿ ನೋಡಿ ಅಂತ ಕಳಿಸಿರ್ತೀವಿ, ಹೋದ್ರೆ ಅಲ್ಲಿ ಏನೂ ಇರಲ್ಲ. ನಮ್ಮೆಲ್ಲರ ಕೈಲೂ ಆಗಿದೆ. ಅವರ ಕೈಲಿ ಒಂದೂ ಆಗಿಲ್ಲ, ಸರ್."

ಲಿಫ್ಟಿನವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಗಳನ್ನು ಅಡುಗೆಮನೆಗೆ ಕರೆದು, ನಿನ್ನೆಯಿಂದ ಎದೆಗೊತ್ತಿ ಹಿಡಿದದ್ದನ್ನು ಹೇಳಿಬಿಟ್ಟರು. ಅಮ್ಮ ಕೊನೆಗೆ ಕೇಳಿದ್ದು ಒಂದೇ ಒಂದು. ಅದು ತನ್ನ ಕೈಲಿ ಸಿಗಲಿಲ್ಲ. ಹುಡುಕುತ್ತ ಕೂತದ್ದಕ್ಕೆ ಅವಳ ಕೊನೆಯುಸಿರಿಗೂ ತಾನು ಇಲ್ಲದ ಹಾಗಾಯಿತು.

*

ನಿನ್ನೆ ಅವಳ ಮಂಚದ ಒಂದು ಕಡೆ ಮಗಳು, ಇನ್ನೊಂದು ಕಡೆ ಇವರು. ವಾರದಿಂದ ಮಾತು ನಿಂತಿತ್ತು. ತುಟಿ ಅಲುಗಿತು, ಗಾಳಿಯಂತೆ ಏನೋ ಬಂತು. ಶಾಲು. ಇವರು ಎದ್ದರು. ಅಟ್ಟಕ್ಕೆ ಹತ್ತಿದರು, ತಗಡಿನ ಪೆಟ್ಟಿಗೆ ಬೋರಲು ಹಾಕಿದರು, ಒಂದೊಂದೇ ಬಟ್ಟೆ ಕೊಡವಿದರು. ಇಲ್ಲ. ಆಗ ಕಿವಿಯ ಹಿಂದೆ ಯಾರೋ, "ಸಾಕು, ಕೆಳಗೆ ಬನ್ನಿ," ಎಂದ ಹಾಗಾಯಿತು. ಅವಳದೇ ಹಳೆಯ, ಗಟ್ಟಿ ದನಿ. ತಿರುಗಿ ನೋಡಿದರೆ ಬೆಳಕಿಂಡಿ ಮಾತ್ರ. ಕೆಳಗಿಳಿದಾಗ ಮಗಳು ಅಮ್ಮನ ಕಣ್ಣು ಮುಚ್ಚುತ್ತಿದ್ದಳು.

*

"ಅಪ್ಪ," ಎಂದಳು ಮಗಳು, "ಅಮ್ಮ ಶಾಲು ಅನ್ನಲಿಲ್ಲ. ಸಾಕು ಅಂದ್ಲು. ನೀವು ಎದ್ದು ಓಡಿದ್ರಿ. ಕರೀಬೇಕು ಅಂದ್ಕೊಂಡೆ, ನನ್ನ ಬಾಯೇ ಬರಲಿಲ್ಲ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರನ್ನು ನೋಡಿ ಜನ ನಗುತ್ತಾರೆ. ಕೂಸು ಕಂಕುಳಲ್ಲಿಯೇ ಪ್ರಾಣ ಬಿಟ್ಟರೆ ಅಂಥವರನ್ನು ಏನನ್ನಬೇಕೋ ತಿಳಿಯದು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಲಿಫ್ಟಿನವರು ಬಾಗಿಲ ಕಡೆ ಹೋಗದೆ ಅಟ್ಟದ ಏಣಿ ಹಿಡಿದರು. ಮಗಳು, ಬೆಳಿಗ್ಗೆ ಹೊದಿಕೆ ತರೋಕೆ ನಾನೂ ಹತ್ತಿದ್ದೆ, ಅಲ್ಲಿ ಶಾಲು ಇಲ್ಲ ಎನ್ನುತ್ತಿದ್ದಳು. ತಪ್ಪು ಪದವೇ ಇರಲಿ, ಅದನ್ನೇ ಹಿಡಿದು ಹತ್ತಿದರು.

ಕೊಡವಿ ಬಿಸಾಕಿದ ಬಟ್ಟೆಗಳು ಅಟ್ಟದ ತುಂಬ ಹಾಗೆಯೇ ಬಿದ್ದಿದ್ದವು. ಬೋರಲು ಹಾಕಿದ್ದ ಪೆಟ್ಟಿಗೆ ಮಾತ್ರ ನೆಟ್ಟಗೆ ಕೂತಿತ್ತು, ಮುಚ್ಚಳ ಮುಚ್ಚಿತ್ತು. ಒಳಗೆ ಬೂದು ಶಾಲು ಒಂದೇ ಇತ್ತು, ನಾಲ್ಕು ಮಡಿಕೆಯಾಗಿ. ಕೈಗೆತ್ತಿಕೊಂಡರೆ, ಈಗ ತಾನೆ ಯಾರೋ ಹೊದ್ದು ತೆಗೆದಿಟ್ಟಂತೆ ಬೆಚ್ಚಗಿತ್ತು.

ಕೆಳಗೆ ಬಂದು, ಯಾರ ಕಣ್ಣನ್ನೂ ನೋಡದೆ, ಅದನ್ನು ಬಿಡಿಸಿ ಅವಳಿಗೆ ಹೊದಿಸಿದರು. ಅಂಚನ್ನು ಮಗ್ಗುಲಿಗೆ ಸಿಕ್ಕಿಸುವಾಗ ಅವಳ ಬಲಗೈ ಜಾರಿ ಹೊರಗೆ ಬಂತು. ಐದೂ ಉಗುರುಗಳ ಸಂದಿಯಲ್ಲಿ ಬೆಳ್ಳಗೆ ಹಿಟ್ಟು ತುಂಬಿಕೊಂಡಿತ್ತು.

ಲಿಫ್ಟಿನವರು ಎದುರುಮನೆಯಾಕೆಯ ಕಡೆ ನೋಡಿದರು. ಅವಳು ಹೂವು ಬಿಡಿಸುತ್ತಿದ್ದಳು, ಕಂಡಿರಲಿಲ್ಲ. ಅವರಿಗೆ ಹೆದರಿಕೆಯಾಗಲಿಲ್ಲ. ಸತ್ತ ಮೇಲೂ ಇವಳಿಗೆ ಬಿಡುವಿಲ್ಲ, ಅದೂ ತನ್ನೊಬ್ಬನ ದೆಸೆಯಿಂದ. ಕನ್ನಡಕ ತೆಗೆದು ಎಲ್ಲೋ ಇಟ್ಟು, ಅಂಗಿಯ ತುದಿ ಎಳೆದು ಆ ಉಗುರುಗಳನ್ನು ಒಂದೊಂದಾಗಿ ಒರೆಸಿದರು. ಅಕ್ಷರಮಾಲೆಯಲ್ಲಿ ಶ ಮೊದಲು, ಸ ಆಮೇಲೆ. ಶಾಲು ಆಗಿತ್ತು. ಕಿವಿಯ ಹತ್ತಿರ ಬಾಗಿದರು.

"ಸಾಕು ಕಣೇ," ಎಂದರು. "ಇನ್ನು ಸಾಕು."

ಗಾಡಿಯವನು ಹೊರಡೋಣವೇ ಎಂದ. ಜನ ಎದ್ದರು. ಬಾಗಿಲಲ್ಲಿ ಎದುರುಮನೆಯಾಕೆ ಚಪ್ಪಲಿಗೆ ತಡಕಾಡುತ್ತ, ಇಲ್ಲೇ ಬಿಟ್ಟಿದ್ದೆನಲ್ಲ ಎಂದು ಗೊಣಗಿದಳು. ಮಗಳಿಗೆ ಬೀಗದ ಕೈ ಸಿಗಲಿಲ್ಲ. ಲಿಫ್ಟಿನವರು ಕನ್ನಡಕಕ್ಕಾಗಿ ರೇಡಿಯೋ ಎತ್ತಿದರು, ಫ್ರಿಜ್ಜು ತೆರೆದರು, ಕೊನೆಗೆ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದರು. ಬೆಳಿಗ್ಗೆ ಅವರು ತೋಡಿದ ಗುಳಿ ಹಾಗೆಯೇ ಇತ್ತು. ಮೊಣಕೈವರೆಗೆ ಕೈ ಇಳಿಸಿದರು. ಬೆರಳಿಗೆ ಹಿಟ್ಟು ಸಿಕ್ಕಿತು, ಅದರ ಕೆಳಗೆ ತಣ್ಣನೆಯ ತಗಡು.