ವಿಳಾಸ ಕೇಳದೆ ಕಳಿಸಿದ ಸಿದ್ದಕ್ಕ

ಬೆಳಗಾವಿ ಜಿಲ್ಲೆಯ ಬೀಡಿ ಗ್ರಾಮದ ಸ್ವಸಹಾಯ ಸಂಘದಲ್ಲಿ ಸಿದ್ದಕ್ಕನ ಮಾತೆಂದರೆ ಮಾತು. ಅವಳು ಹೂಂ ಅಂದರೆ ಎಲ್ಲರೂ ಹೂಂ. ಗೋವಾದ ಮೀನಿನ ಕಾರ್ಖಾನೆಗೆ ಹೆಣ್ಣಾಳು ಬೇಕೆಂದು ಗುತ್ತಿಗೆದಾರ ಸಾತಪ್ಪ ಬಂದಾಗಲೂ ಹಾಗೇ ಆಯಿತು.

"ಚಲೋ ಮನಷ್ಯಾ ಅದಾನ. ನಾ ಹೇಳತೇನಲ್ಲ, ಹೋಗ್ರಿ," ಅಂದಳು. ಓಣಿಯ ಎಂಟು ಹೆಂಗಸರು ಅವನ ಟೆಂಪೋ ಹತ್ತಿದರು. ಪಕ್ಕದ ಮನೆಯ ರೇಣವ್ವನೂ ಹೋದಳು.

ಎರಡು ತಿಂಗಳಿಗೆ ರೇಣವ್ವನ ತಾಯಿ ಮಾಯವ್ವ ಹಾಸಿಗೆ ಹಿಡಿದಳು. ಮಗಳನ್ನು ಕರೆಸಿರೆಂದು ಒಂದೇ ಸಮನೆ ಹಲುಬಿದಳು. ಮಗ ಕಲ್ಮೇಶ ಸಿದ್ದಕ್ಕನ ಬಾಗಿಲಿಗೆ ಬಂದ.

"ಯಕ್ಕಾ, ರೇಣವ್ವ ಎಲ್ಲಿ ಅದಾಳ?"

"ಗೋವಾದಾಗಪಾ."

"ಗೋವಾದಾಗ ಎಲ್ಲಿ? ಯಾವ ಊರು, ಯಾವ ಕಾರ್ಖಾನಿ? ಫೋನ್ ನಂಬರ್ ಆದ್ರೂ ಕೊಡು."

ಸಿದ್ದಕ್ಕನಿಗೆ ಒಂದೂ ಗೊತ್ತಿರಲಿಲ್ಲ. ಕಲ್ಮೇಶ ಬೈಯಲಿಲ್ಲ, ತಿರುಗಿ ಮನೆಯತ್ತ ನಡೆದ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಮರುದಿನ ಬೆಳಗಾವಿ ಬಸ್ಸು ಹಿಡಿದಳು. ಸಾತಪ್ಪ ತನ್ನ ಮನೆ ಅಲ್ಲಿನ ಅನಗೋಳದಲ್ಲಿದೆ ಎಂದಿದ್ದ. ಗಲ್ಲಿ ಗಲ್ಲಿ ಕೇಳಿದರೂ ಅವನ ಗುರುತು ಯಾರಿಗೂ ಇಲ್ಲ. ಕೊನೆಗೆ ಅಲ್ಲೇ ಬೆಳಗಾವಿಯಲ್ಲಿದ್ದ, ಸಂಘಕ್ಕೆ ಹೊಲಿಗೆ ಕಲಿಸುವ ಸುಹಾಸಿನಿ ಟೀಚರ ಮನೆಗೆ ಹೋಗಿ, ಕಟ್ಟೆಯ ಮೇಲೆ ಕುಸಿದು ಕೂತು ಎಲ್ಲ ಹೇಳಿದಳು.

"ಅವನ ಲೈಸೆನ್ಸ್ ನೋಡಿದ್ರೇನ್ರಿ ಸಿದ್ದಕ್ಕಾ?"

"ಕೂಲಿಗೆ ಹೋಗೋರಿಗೆ ಎಂಥಾ ಲೈಸೆನ್ಸ್ರಿ? ನಮ್ಮಂಥವರಿಗೆ ಯಾರು ಕಾಗದ ತೋರಸ್ತಾರ?"

"ತೋರಸಬೇಕು, ಕಾಯ್ದೆನ ಐತಿ. ಬ್ಯಾರೆ ರಾಜ್ಯಕ್ಕ ಐದು ಮಂದಿ, ಅದಕ್ಕಿಂತ ಹೆಚ್ಚು ಆಳು ಒಯ್ಯೋ ಗುತ್ತಿಗೆದಾರಗ ಸರಕಾರದ ಲೈಸೆನ್ಸ್ ಬೇಕು. ಒಬ್ಬೊಬ್ಬರಿಗೂ ಫೋಟೋ ಹಚ್ಚಿದ ಪಾಸ್‌ಬುಕ್ ಕೊಡಬೇಕು. ಕೆಲಸ ಎಲ್ಲಿ, ಎಷ್ಟು ದಿನ, ಪಗಾರ ಎಷ್ಟು, ಎಲ್ಲಾ ಅದರಾಗ ಬರದಿರಬೇಕು. ಹೋಗಿ ಬರೂ ಖರ್ಚೂ ಅವಂದ."

"ಇದನ್ನ ನನಗ ಯಾರೂ ಹೇಳಲಿಲ್ಲಲ್ರಿ..."

"ನೀವೂ ಕೇಳಲಿಲ್ಲ," ಅಂದರು ಟೀಚರು ಮೆಲ್ಲಗೆ.

ಸಿದ್ದಕ್ಕ ಸೆರಗು ಕೊಡವಿ ಕಟ್ಟೆಯಿಂದ ಎದ್ದಳು.

ಇಬ್ಬರೂ ಕಾರ್ಮಿಕ ಇಲಾಖೆಗೆ ಹೋಗಿ ಅರ್ಜಿ ಬರೆದುಕೊಟ್ಟರು. ಅಧಿಕಾರಿಗಳು ಗೋವಾದಲ್ಲಿ ವಿಚಾರಿಸಿ ಹೆಂಗಸರನ್ನು ಪತ್ತೆ ಹಚ್ಚಿ ಬಿಡಿಸುವಷ್ಟರಲ್ಲಿ ಹದಿನೈದು ದಿನ ಕಳೆಯಿತು. ಅಲ್ಲಿ ಅವರನ್ನು ಮನೆಗೆ ಫೋನ್ ಮಾಡಲೂ ಗೇಟು ದಾಟಲೂ ಬಿಟ್ಟಿರಲಿಲ್ಲ. ಮಾಯವ್ವ ಆರನೇ ದಿನಕ್ಕೇ ತೀರಿಕೊಂಡಿದ್ದಳು.

ಬಸ್ಸಿಳಿದ ರೇಣವ್ವನಿಗೆ ಆ ಸುದ್ದಿ ಗೊತ್ತಿರಲಿಲ್ಲ. ಐಸಿನಲ್ಲಿ ಸೀಗಡಿ ಸುಲಿದು ಬೆರಳೆಲ್ಲ ಒಡೆದಿದ್ದವು. ದಾರಿಯಲ್ಲಿ ಅವ್ವನಿಗೆಂದು ಕೊಂಡ ಚಪ್ಪಲಿ ಕೈಯಲ್ಲಿತ್ತು. ಕಲ್ಮೇಶನೇ ಹೇಳಿದ.

ಸಿದ್ದಕ್ಕ ಕಾಲು ಹಿಡಿಯಲು ಬಗ್ಗಿದಾಗ ರೇಣವ್ವ ಹಿಂದೆ ಸರಿದಳು. "ಬ್ಯಾಡ ಯಕ್ಕಾ. ನಿನ್ನ ಮಾತು ಕೇಳಿ ಹೋಗಿದ್ದೆ. ಇನ್ನ ಯಾರನ್ನೂ ಹಂಗ ಕಳಸಬ್ಯಾಡ." ಅಷ್ಟೇ ಹೇಳಿ ಒಳಗೆ ಹೋದಳು.

ಮುಂದಿನ ವಾರ ಸಂಘದ ಸಭೆಯಲ್ಲಿ ಸಿದ್ದಕ್ಕ ಎದ್ದು ನಿಂತಳು. ಯಾರ ಮುಖವನ್ನೂ ನೋಡಲಾಗಲಿಲ್ಲ.

"ಅಂವ ಅಕ್ಕಾರ ಅಕ್ಕಾರ ಅಂದ, ನಾ ಉಬ್ಬಿದೆ. ಒಂದು ಮಾತೂ ಕೇಳಲಿಲ್ಲ. ತಪ್ಪು ನಂದು. ಇನ್ನ ಮ್ಯಾಲೆ ಯಾವ ಗುತ್ತಿಗೆದಾರ ಬಂದ್ರೂ ಮೊದಲ ಸಂಘದ ಮುಂದ ಕಾಗದ ಇಡಬೇಕು."

ಹಾಗೆಂದು ಠರಾವು ಬರೆದರು. ಹಿಂದೆ ಕೂತಿದ್ದ ರೇಣವ್ವ ಎದ್ದು ಬಂದು ಮೊದಲ ಹೆಬ್ಬೆಟ್ಟು ಒತ್ತಿದಳು. ಸಿದ್ದಕ್ಕನ ಕಡೆ ಮಾತ್ರ ನೋಡಲಿಲ್ಲ.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ದುಡಿಯಲು ಬೇರೆ ಊರಿಗೆ ಹೋಗುವುದು ತಪ್ಪಲ್ಲ. ಆದರೆ ಲೈಸೆನ್ಸ್ ನೋಡಿ, ಪಾಸ್‌ಬುಕ್ ಕೇಳಿ ಪಡೆಯಿರಿ, ಕೆಲಸದ ಜಾಗದ ವಿಳಾಸವನ್ನು ಮನೆಯಲ್ಲಿ ಬರೆದಿಟ್ಟು ಹೊರಡಿ. ಅನುಮಾನ ಬಂದರೆ ಕಾರ್ಮಿಕ ಇಲಾಖೆಗೆ ಹೋಗಿ ವಿಚಾರಿಸಿ. ಇನ್ನೊಬ್ಬರ ಮನೆಯ ಮಗಳಿಗೆ "ಹೋಗು" ಎಂದು ಹೇಳುವವರು ನೀವಾಗಿದ್ದರೆ, ಆ ಕಾಗದಗಳನ್ನು ಮೊದಲು ನೀವೇ ಕೈಯಲ್ಲಿ ಹಿಡಿದು ನೋಡಿ.