ಜಗಲಿಯಲ್ಲಿ ಉಳಿದ ಬೂಟು

ಹನುಮಂತಮ್ಮನ ಬಲಗಾಲಿನ ಹಿಮ್ಮಡಿ ಏಳು ವರ್ಷ ನೆಲ ಮುಟ್ಟಿರಲಿಲ್ಲ.

ಹಿರೇನಲ್ಲೂರಿನ ಹತ್ತಿರದ ಹಳ್ಳಿ ಅವಳದು. ಬಾವಿಯಿಂದ ಕೊಡ ಹೊತ್ತು ಬರುವಾಗ ಜಾರಿ ಬಿದ್ದು ಪಾದದ ಕೀಲು ಮುರಿದಿತ್ತು. ಮನೆಯವರು ಬಿದಿರು ದಬ್ಬೆ ಕಟ್ಟಿಸಿ, ಪಾದ ಇಳಿಬಿದ್ದಂತೆಯೇ ಎರಡು ತಿಂಗಳು ಮಲಗಿಸಿದರು. ಮೂಳೆಯೇನೋ ಕೂಡಿತು. ಆದರೆ ಮೀನಖಂಡ ಸೆಟೆದುಕೊಂಡು ಹಿಮ್ಮಡಿಯನ್ನು ಮೇಲಕ್ಕೆ ಎಳೆದುಬಿಟ್ಟಿತು. ಅಂದಿನಿಂದ ಆ ಕಾಲಿನ ತುದಿಬೆರಳ ಮೇಲೆಯೇ ಕಳೆ ಕಿತ್ತಳು, ನೀರು ಹೊತ್ತಳು, ರಾಗಿ ಬೀಸಿದಳು. ಇಷ್ಟಕ್ಕೂ ಊರು ಅವಳಿಗೆ ಕೊಟ್ಟದ್ದೇನು? ಕುಂಟಿ ಎಂಬ ಹೆಸರು.

೧೯೮೩ರ ಮಳೆಗಾಲದ ಕೊನೆಗೆ ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಡಾಕ್ಟರು ಕೀಲನ್ನು ಸರಿಪಡಿಸಿ, ಮೀನಖಂಡದಿಂದ ಹಿಮ್ಮಡಿಗೆ ಇಳಿಯುವ ನರವನ್ನು ಉದ್ದ ಮಾಡಿದರು. ಆರು ವಾರ ಪ್ಲಾಸ್ಟರ್ ಇತ್ತು. ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು, ನೆಲಕ್ಕೆ ಊರದೆ, ಹನುಮಂತಮ್ಮ ಹೇಳಿದಂತೆ ಕೇಳಿದಳು. ಪ್ಲಾಸ್ಟರ್ ಬಿಚ್ಚಿದ ದಿನ ಹಿಮ್ಮಡಿ ನೆಲಕ್ಕೆ ತಾಗಿತು. ಹನುಮಂತಮ್ಮ ಅಲ್ಲೇ ಅತ್ತುಬಿಟ್ಟಳು.

ಡಾಕ್ಟರು ಎರಡೂ ಪಕ್ಕ ಕಬ್ಬಿಣದ ಪಟ್ಟಿಯಿರುವ ತೊಗಲಿನ ಬೂಟು ಕೊಟ್ಟರು.

"ಮೂರು ತಿಂಗಳು ಇದಿಲ್ಲದೆ ಒಂದು ಹೆಜ್ಜೆಯೂ ಇಡಬೇಡಮ್ಮ. ಮಲಗುವಾಗಲೂ ಕಾಲಲ್ಲೇ ಇರಲಿ. ತೊಳೆಯೋದಕ್ಕೆ, ನಾವು ಹೇಳಿಕೊಟ್ಟ ವ್ಯಾಯಾಮಕ್ಕೆ ಮಾತ್ರ ಬಿಚ್ಚು."

ಬಸ್ಸಿಳಿದು ಮನೆಗೆ ಬಂದರೆ ಅತ್ತೆ ಭಾಗಮ್ಮ ಬಾಗಿಲಿಗೆ ಅಡ್ಡ ನಿಂತರು.

"ನಿಲ್ಲು ಕಣೇ! ತೊಗಲು ಹಾಕ್ಕಂಡು ಒಳಿಕ್ ಬತ್ತೀಯಾ? ಒಲೆ ಐತೆ, ದ್ಯಾವ್ರ ಗೂಡೈತೆ."

"ಡಾಕ್ಟ್ರು ಬಿಚ್ಚಬ್ಯಾಡ ಅಂದವ್ರೆ ಅತ್ತೆಮ್ಮ."

"ಡಾಕ್ಟ್ರು ಆಸ್ಪತ್ರೇಲಿ ಹೇಳ್ಕಳ್ಲಿ. ಈ ಮನೇಲಿ ಯಾರೂ ಮೆಟ್ಟು ಹೊಸ್ಲು ದಾಟ್ಸಿಲ್ಲ. ಬೀದಿಗೋಗಾವಾಗ ಹಾಕ್ಕ."

ಹನುಮಂತಮ್ಮ ಗಂಡನ ಮುಖ ನೋಡಿದಳು. ಅಂಜಿನಪ್ಪ ಎತ್ತಿನ ಕಡೆ ನೋಡಿದ. ಬೂಟು ಜಗಲಿಗೆ ಹೋಯಿತು.

ನೀವೇ ಹೇಳಿ, ನಮ್ಮ ಹೆಣ್ಣುಮಕ್ಕಳು ದಿನಕ್ಕೆ ಎಷ್ಟು ಹೊತ್ತು ಬೀದಿಯಲ್ಲಿರುತ್ತಾರೆ? ಅವರ ನಡಿಗೆಯೆಲ್ಲ ಒಲೆಗೂ ಹಿತ್ತಿಲಿಗೂ ಕೊಟ್ಟಿಗೆಗೂ ನಡುವೆ. ಸೀಳಿ ಹೊಲಿದ ಕಾಲು ಒಳಗೆ ಬರಿದಾಗಿ ಒದ್ದಾಡುತ್ತಿತ್ತು, ಬೂಟು ಮಾತ್ರ ಜಗಲಿಯಲ್ಲಿ ನೆಂಟರ ಹಾಗೆ ಕೂತಿತ್ತು. ಕೋಪ ಬರುವುದಿಲ್ಲವೇ? ಹನುಮಂತಮ್ಮನಿಗೂ ಬಂದಿತ್ತು. ಆದರೆ ಬಂದ ಕೋಪವನ್ನು ನುಂಗಿಕೊಂಡು ರೂಢಿ ಅವಳಿಗೆ.

ಹದಿನೈದು ದಿನ ಕಳೆಯಿತು. ಮಕ್ಕಳಿಗೆ ಸೂಜಿ ಹಾಕಲು ಊರಿಗೆ ಬರುವ ನರ್ಸ್ ಈಶ್ವರಮ್ಮ ಅವಳನ್ನು ನೋಡಲು ಬಂದರು. ಜಗಲಿಯ ಬೂಟು ಕಣ್ಣಿಗೆ ಬಿದ್ದದ್ದೇ ತಡ, ಅವರ ಮುಖ ಕೆಂಪಾಯಿತು.

"ಕಾಲು ಒಳಗೆ, ಬೂಟು ಹೊರಗೆ! ಏನಿದು ಭಾಗಮ್ಮನೋರೇ?"

"ತೊಗಲು ಕಣ್ ನರ್ಸಮ್ಮ. ಒಲೆ ಮುಂದೆ ಹೆಂಗ್ ಬಿಟ್ಕಳಾನ?"

"ದೇವ್ರ ಮುಂದೆ ತಮಟೆ ಬಡಿಸ್ತೀರಲ್ಲ, ಅದು ತೊಗಲಲ್ವಾ?"

"ಅದು ಬ್ಯಾರೆ."

"ಏನ್ ಬ್ಯಾರೆ? ಅದು ದೇವ್ರಿಗೆ ಬೇಕು, ಇದು ನಿಮ್ ಸೊಸೆ ಕಾಲಿಗೆ ಬೇಕು, ಅಷ್ಟೇ ತಾನೆ? ಬನ್ನಿ ಇಲ್ಲಿ, ಕೂತ್ಕಳಿ. ಇವಳ ಹಿಮ್ಮಡಿ ಕೆಳಗೆ ಬೆರಳು ಹಾಕಿ ನೋಡಿ."

ಹನುಮಂತಮ್ಮ ಗೋಡೆ ಹಿಡಿದು ನಿಂತಳು. ಕೊಟ್ಟಿಗೆಯಿಂದ ಅಂಜಿನಪ್ಪನೂ ಬಂದು ನಿಂತ. ಭಾಗಮ್ಮ ಗೊಣಗುತ್ತ ಕುಕ್ಕುರುಗಾಲಲ್ಲಿ ಕೂತು ಬೆರಳು ತೂರಿಸಿದರು. ಬೆರಳು ಸಲೀಸಾಗಿ ಒಳಗೆ ಹೋಯಿತು. ಭಾಗಮ್ಮ ತಲೆಯೆತ್ತಿ ಸೊಸೆಯ ಮುಖ ನೋಡಿದರು.

"ಆಸ್ಪತ್ರೆಯಿಂದ ಬಂದಾವತ್ತು ನೆಲಕ್ಕೆ ಅಂಟ್ಕಂಡಿತ್ತಲ್ಲ!"

"ಈಗ ಮೇಲೆದ್ದೈತೆ. ಉದ್ದ ಮಾಡಿದ ನರ ಹಸಿಯಾಗಿರ್ತದೆ ಕಣಮ್ಮ. ಬೂಟು ಹಿಡ್ಕಂಡಿರ್ಲಿಲ್ಲ ಅಂದ್ರೆ ಹಳೇ ಹಂಗೇ ಮುದುರ್ಕಂಡು ಬಿಡ್ತದೆ."

"ಬಿಸಿ ಎಣ್ಣೆ ಹಾಕಿ ಜೋರಾಗಿ ಎಳೆದು ನೀವುದ್ರೆ?"

"ಎಳೆದ್ರೆ ಹರ್ದೋಗ್ತದೆ! ಆಮೇಲೆ ಹೆಜ್ಜೆ ಎತ್ತೋಕೂ ಆಗಲ್ಲ."

ಆಗ ಹನುಮಂತಮ್ಮನ ಬಾಯಿ ತೆರೆಯಿತು. "ಏಳು ವರ್ಷ ಕುಂಟಿ ಅನ್ನಿಸ್ಕಂಡಿದ್ದು ಸಾಕಾಗ್ಲಿಲ್ವಾ ಅತ್ತೆಮ್ಮ? ನೀವು ಹೊಸ್ಲು ಕಾದ್ರಿ, ನನ್ ಕಾಲು ಕಾಯ್ಲಿಲ್ಲ. ಇವ್ರು ಗಂಡ ಅನ್ನಿಸ್ಕಂಡೋರು, ಸುಮ್ಕೆ ನಿಂತಿದ್ರು. ನಾನೂ ಬಾಯಿ ಮುಚ್ಕಂಡಿದ್ದೆ, ನನಗೂ ಬುದ್ಧಿ ಇಲ್ಲ."

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಅಂಜಿನಪ್ಪ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರು ಚೆನ್ನಾಗಿ ಬೈದರು. ಬೈದು, ಮತ್ತೆ ಮೂರು ವಾರ ಪ್ಲಾಸ್ಟರ್ ಹಾಕಿದರು. "ಇನ್ನೊಂದೆರಡು ತಿಂಗಳು ತಡ ಮಾಡಿದ್ದರೆ ಮತ್ತೆ ಕೊಯ್ಯಬೇಕಿತ್ತು," ಎಂದರು.

ಪ್ಲಾಸ್ಟರ್ ಬಿಚ್ಚಿ ಬಂದ ದಿನ ಭಾಗಮ್ಮನೇ ಒದ್ದೆ ಬಟ್ಟೆಯಿಂದ ಬೂಟಿನ ಅಡಿ ಒರೆಸಿ, "ಬಾ ಒಳಿಕ್ಕೆ," ಎಂದರು. ಅಂದಿನಿಂದ ಬೀದಿಯಿಂದ ಬಂದಾಗಲೆಲ್ಲ ಹಾಗೆ ಒರೆಸುವುದು ಅಂಜಿನಪ್ಪನ ಕೆಲಸವಾಯಿತು.

ರಾಗಿ ಒಕ್ಕುವ ಕಾಲ ಬಂತು. ಕಣಕ್ಕೆ ಯಾರೂ ಮೆಟ್ಟು ಹಾಕಿಕೊಂಡು ಕಾಲಿಡುವುದಿಲ್ಲ, ಅದು ನಿಮಗೂ ಗೊತ್ತು. ಹನುಮಂತಮ್ಮ ಬೂಟುಗಾಲಲ್ಲೇ ಬುತ್ತಿ ತಂದಳು. ಪಕ್ಕದ ಕಣದ ಚಿಕ್ಕಬೀರಪ್ಪ ಕೂಗು ಹಾಕಿದ.

"ಏನ್ ಭಾಗಕ್ಕ, ನಿನ್ ಸೊಸೆ ರಾಶಿ ಮುಂದೆ ಮೆಟ್ಟು ಹಾಕ್ಕಂಡ್ ಬಂದವ್ಳೆ! ಕಣ್ಣು ಕಾಣಾಕಿಲ್ವಾ?"

ಭಾಗಮ್ಮ ಮೊರ ಕೆಳಗಿಟ್ಟು ಸೊಂಟಕ್ಕೆ ಸೆರಗು ಸಿಕ್ಕಿಸಿದರು.

"ಲೇ ಚಿಕ್ಕಬೀರ, ಅದು ಮೆಟ್ಟಲ್ಲ ಕಣೋ, ನನ್ ಸೊಸೆ ಕಾಲು! ಕಾಲು ಬಿಚ್ಚಿಟ್ಟು ಬಾ ಅಂತೀಯಾ?"

ಚಿಕ್ಕಬೀರಪ್ಪ ತಿರುಗಿ ತನ್ನ ಎತ್ತು ಹೊಡೆದುಕೊಂಡ. ಹನುಮಂತಮ್ಮ ಹಿಮ್ಮಡಿ ಊರಿ ನಡೆದು ಹೋಗಿ ಬುತ್ತಿ ಇಳಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಆಪರೇಷನ್ ಮಾಡುವುದು ಡಾಕ್ಟರು, ಆದರೆ ಕಾಲು ಗುಣವಾಗುವುದು ನಿಮ್ಮ ಮನೆಯೊಳಗೆ. ಪ್ಲಾಸ್ಟರ್ ಇರುವಾಗ ಹೇಳುವ ತನಕ ಕಾಲು ಊರಲು ಬಿಡಬೇಡಿ. ಬೆರಳು ನೀಲಿಯಾದರೆ, ಮರಗಟ್ಟಿದರೆ, ಒಳಗಿಂದ ವಾಸನೆ ಬಂದರೆ, ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಿ. ಎಣ್ಣೆ ನೀವಿ ಎಳೆಯಬೇಡಿ. ಕೊಟ್ಟ ಬೂಟನ್ನು ಹೇಳಿದಷ್ಟು ತಿಂಗಳು, ಒಲೆಯ ಮುಂದೆಯೂ ಹಾಸಿಗೆಯಲ್ಲಿಯೂ ಹಾಕಿಸಿ. ಮೈಲಿಗೆಯಾಯಿತು ಎನಿಸಿದರೆ ನೆಲಕ್ಕೆ ಒಂದು ಕೊಡ ನೀರು ಹಾಕಿ ತೊಳೆದುಕೊಳ್ಳಿ. ನಿಮ್ಮ ಜಗಲಿಯಲ್ಲೂ ಅಂಥ ಬೂಟು ಕೂತಿದ್ದರೆ ಈಗಲೇ ಎದ್ದು ಹೋಗಿ ಒಳಗೆ ತನ್ನಿ.