ಪೆಡಲಿನ ಮುಯ್ಯಿ

ಉಳುಮೆಗೆ ಮುಂಚಿನ ಬಿರುಬಿಸಿಲಿನ ದಿನಗಳು. ವರ್ಷವಿಡೀ ಮೂಲೆ ಹಿಡಿದಿದ್ದ ಟ್ರ್ಯಾಕ್ಟರುಗಳಿಗೆಲ್ಲ ಒಮ್ಮೆಲೇ ತಮ್ಮ ಕಾಯಿಲೆ ನೆನಪಾಗುವ ಕಾಲ. ಸಣ್ಣ ಮೇಸ್ತ್ರಿಯ ಗ್ಯಾರೇಜಿನ ಮುಂದೆ ಬೆಳಗಿನಿಂದಲೇ ಸಾಲು ನಿಂತಿತ್ತು. ಅವನು ಒಂದರ ಕ್ಲಚ್ಚಿಗೆ ಕೈ ಹಾಕಿ ಮೊಣಕೈವರೆಗೆ ಕಪ್ಪಾಗಿದ್ದ. ತಲೆಯ ಮೇಲಿನ ತಗಡು ಕಾದು ಟಣ್ ಎಂದಿತು. ಅವನ ಕೈ ನಿಂತಿತು.

"ತಗಡು ಕಣಯ್ಯ," ಎಂದ ಟ್ರ್ಯಾಕ್ಟರಿನವನು. "ಒಂದೊಂದು ಸದ್ದಿಗೂ ಹೀಗೆ ಕಿವಿ ನಿಮಿರಿಸ್ತಾ ಕೂತರೆ ನನ್ನ ಹೊಲ ಉತ್ತ ಹಾಗೇ."

ಸಣ್ಣ ಮೇಸ್ತ್ರಿ ರಸ್ತೆಯಾಚೆ ಬೀಗ ಹಾಕಿದ್ದ ಶೆಡ್ಡಿನ ಕಡೆ ಒಮ್ಮೆ ನೋಡಿ ಮತ್ತೆ ಬಗ್ಗಿದ.

ಆ ಶೆಡ್ಡು ದೊಡ್ಡ ಮೇಸ್ತ್ರಿಯದು. ಸಣ್ಣವನು ಸ್ಪ್ಯಾನರ್ ಹಿಡಿಯಲು ಕಲಿತದ್ದು ಅಲ್ಲೇ, ಬೆಳೆದದ್ದು ಆ ಮನೆಯ ಅನ್ನ ತಿಂದೇ. ಕಲಿತ ಮೇಲೆ ಎದುರಿಗೇ ಅಂಗಡಿ ತೆಗೆದ. ಅಂದಿಗೆ ಇಬ್ಬರ ನಡುವೆ ಮಾತು ನಿಂತಿತು. ಆದರೆ ಬ್ರೇಕಿನ ಕೆಲಸ ಒಬ್ಬನಿಂದ ಆಗುವಂಥದ್ದಲ್ಲ. ಪೈಪಿನೊಳಗೆ ಸೇರಿಕೊಂಡ ಗಾಳಿ ತೆಗೆಯಲು ಒಬ್ಬ ಚಕ್ರದ ಬಳಿ ಮಲಗಬೇಕು, ಇನ್ನೊಬ್ಬ ಮೇಲೆ ಕೂತು ಪೆಡಲ್ ತುಳಿಯಬೇಕು. ಇಬ್ಬರಿಗೂ ಆಳಿರಲಿಲ್ಲ. ಹಾಗಾಗಿ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ರೈತರು ಮುಯ್ಯಾಳು ಹೋಗುವಂತೆ, ಇವರ ನಡುವೆ ಪೆಡಲಿನ ಮುಯ್ಯಿ ಮಾತ್ರ ನಡೆದುಕೊಂಡು ಬಂತು. ಬೇಕಾದವನು ಸ್ಪ್ಯಾನರಿನಿಂದ ತನ್ನ ಶೆಡ್ಡಿನ ಕಬ್ಬಿಣದ ಕಂಬಕ್ಕೆ ಬಡಿಯುತ್ತಿದ್ದ. ಇನ್ನೊಬ್ಬ ಕೈಯಲ್ಲಿದ್ದುದನ್ನು ಬಿಟ್ಟು ರಸ್ತೆ ದಾಟಿ, ಮುಖ ನೋಡದೆ ಸೀಟಿಗೆ ಹತ್ತುತ್ತಿದ್ದ. "ತುಳಿ." "ಹಿಡಿ." "ಬಿಡು." ಅಷ್ಟೇ. ಕೆಲಸ ಮುಗಿದರೆ ಇಳಿದು ಹೋಗುವುದು. ಎಷ್ಟೋ ಗಂಡ ಹೆಂಡಿರು ಇಷ್ಟೂ ಮಾತಾಡುವುದಿಲ್ಲ ಎಂದು ಊರಿನವರು ನಗುತ್ತಿದ್ದರು.

ಹೋದ ವರ್ಷ ಇದೇ ಬಿಸಿಲಲ್ಲಿ ಎದುರಿನ ಕಂಬ ಸದ್ದು ಮಾಡಿತು. ತನ್ನ ಹಳೆಯ ಗಿರಾಕಿಯೊಬ್ಬ ಅವತ್ತೇ ಬೆಳಗ್ಗೆ ಎದುರಿಗೆ ಹೋಗಿದ್ದ ಸಿಟ್ಟು ಸಣ್ಣ ಮೇಸ್ತ್ರಿಗೆ. ಸ್ವಲ್ಪ ಕಾಯಲಿ ಎಂದುಕೊಂಡ. ಕಂಬ ಮತ್ತೆ ಬಡಿಯಿತು, ಬಿಟ್ಟು ಬಿಟ್ಟು. ಆಮೇಲೆ ನಿಂತಿತು. ಪೆಡಲಿಗೆ ಕೋಲು ಆನಿಸಿ ಹೇಗೋ ಸಾಗಿಸಿಕೊಂಡಿರುತ್ತಾನೆ ಎಂದು ಇವನು ತನ್ನ ಕೆಲಸ ನೋಡಿಕೊಂಡ. ಸಂಜೆ ತವರಿನಿಂದ ಬಂದ ದೊಡ್ಡ ಮೇಸ್ತ್ರಿಯ ಹೆಂಡತಿ ಗಂಡನನ್ನು ಕಂಬದ ಬುಡದಲ್ಲಿ, ಕೈಯಲ್ಲಿ ಸ್ಪ್ಯಾನರ್ ಇದ್ದಂತೆಯೇ ಕಂಡಳು. ಎದೆಬಡಿತ ನಿಂತುಹೋಗಿತ್ತು. ಜನ ಸೇರಿದಾಗ ಸಣ್ಣ ಮೇಸ್ತ್ರಿ ರಸ್ತೆಯಲ್ಲೇ ನಿಂತಿದ್ದ, ಒಳಗೆ ಕಾಲಿಡಲಿಲ್ಲ. ಶೆಡ್ಡಿಗೆ ಬೀಗ ಬಿತ್ತು.

ಆ ಬಡಿತ ಪೆಡಲಿಗೆ ಕರೆದದ್ದೋ, ಜೀವಕ್ಕೆ ಕರೆದದ್ದೋ? ಅಂದಿನಿಂದ ಅವನನ್ನು ಕೊರೆಯುತ್ತಿದ್ದುದು ಅದೊಂದೇ. ಪೆಡಲಿಗೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಪೆಡಲಿಗಾದರೆ ಒಂದು ಮುಯ್ಯಿ ತಪ್ಪಿಸಿದಂತಾಯಿತು, ಅಷ್ಟೇ. ಕೆಲಸಗಾರರ ನಡುವೆ ಅದೇನು ದೊಡ್ಡದಲ್ಲ. ಆದರೂ ಎಲ್ಲಿ ಕಬ್ಬಿಣ ಸದ್ದು ಮಾಡಿದರೂ ಅವನ ಕೈ ನಿಂತುಬಿಡುತ್ತಿತ್ತು.

"ಸಣ್ಣ, ಕೈ ಖಾಲಿ ಇದೆಯಾ?"

ದೊಡ್ಡ ಮೇಸ್ತ್ರಿಯ ಹೆಂಡತಿ ಬಿಸಿಲಲ್ಲಿ ನಿಂತಿದ್ದಳು, ಕೈಯಲ್ಲಿ ಶೆಡ್ಡಿನ ಬೀಗದ ಕೈ. ಅವನು ಎದ್ದು ನಿಂತ.

"ಹೇಳಿ ಅಕ್ಕ."

"ನಮ್ಮ ವ್ಯಾನು ಹೊರಡಿಸಬೇಕು. ಸಸಿ ಬೆಳೆಸಿದ್ದೀನಿ. ಪೇಟೆಗೆ ಒಯ್ಯೋಕೆ ಬಾಡಿಗೆ ಗಾಡಿಯವನು ಸಸಿಯ ಬೆಲೆಗಿಂತ ಜಾಸ್ತಿ ಕೇಳ್ತಾನೆ. ಬ್ರೇಕು ಜಾಮ್ ಆಗಿದೆ. ಅವತ್ತು ಅವರು ಅರ್ಧ ಬಿಚ್ಚಿಟ್ಟದ್ದು ಹಾಗೇ ಇದೆ."

"ಹಾಗೇ ಅಂದರೆ?"

"ಹಾಗೇ. ಒಂದು ನಟ್ಟೂ ಮುಟ್ಟಿಲ್ಲ."

ಅವನು ಬಟ್ಟೆಗೆ ಕೈ ಒರೆಸಿಕೊಂಡು ಹೊರಟ.

"ನನ್ನ ಕ್ಲಚ್ಚು?" ಎಂದ ಟ್ರ್ಯಾಕ್ಟರಿನವನು.

"ಸಂಜೆಗೆ."

"ಯಾವ ವರ್ಷದ ಸಂಜೆಗೆ?"

ಶೆಡ್ಡಿನೊಳಗೆ ಹಳೇ ಗ್ರೀಸಿನ, ಇಲಿ ಹಿಕ್ಕೆಯ ವಾಸನೆ. ವ್ಯಾನು ಟಾರ್ಪಾಲು ಹೊದ್ದು ನಿಂತಿತ್ತು. ಮುಂದಿನ ಬಲಚಕ್ರ ಬಿಚ್ಚಿ ಗೋಡೆಗೆ ಒರಗಿಸಿತ್ತು. ಸಣ್ಣ ಮೇಸ್ತ್ರಿ ನೇರ ಅಲ್ಲಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಗಾಳಿ ತೆಗೆಯುತ್ತಿದ್ದುದಾದರೆ, ಡಿಸ್ಕನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರಿನ ನಿಪ್ಪಲಿಗೆ ಸಣ್ಣ ಟ್ಯೂಬು ಹಾಕಿರಬೇಕು, ಟ್ಯೂಬಿನ ತುದಿ ಬಾಟಲಿಯೊಳಗಿರಬೇಕು. ಅಷ್ಟು ಕಂಡರೆ ಸಾಕಿತ್ತು ಅವನಿಗೆ. ಬರಿಯ ಡಿಸ್ಕು ತುಕ್ಕು ಹಿಡಿದು ಕೆಂಪಗೆ ನಿಂತಿತ್ತು. ಅದನ್ನು ಅವುಚಿಕೊಂಡಿರಬೇಕಾದ ಕ್ಯಾಲಿಪರೇ ಅಲ್ಲಿರಲಿಲ್ಲ. ಪೈಪಿನ ಬಾಯಿಗೆ ಆಯಿಲ್ ಸೋರದಂತೆ ರಬ್ಬರ್ ಬಿರಡೆ ಹಾಕಿತ್ತು.

ಅವನು ಮೆಲ್ಲಗೆ ತಿರುಗಿದ. ಆ ಕಡೆ ಗೋಡೆಯ ಬೆಂಚಿನ ಮೇಲೆ, ವೈಸಿನ ಹಲ್ಲುಗಳ ನಡುವೆ ಕ್ಯಾಲಿಪರ್ ಸಿಕ್ಕಿಕೊಂಡಿತ್ತು. ಅದರ ಪಿಸ್ಟನ್ ಇನ್ನೂ ಒಳಗೇ ಕಚ್ಚಿಕೊಂಡಿತ್ತು. ಬೆಂಚಿಗೆ ಅಂಟಿದಂತೆ ಕಂಬ. ವ್ಯಾನಿನ ಪೆಡಲನ್ನು ದಿನವಿಡೀ ತುಳಿದರೂ ಬೆಂಚಿನ ಮೇಲಿನ ಆ ಕಬ್ಬಿಣಕ್ಕೆ ಏನೂ ತಲುಪುತ್ತಿರಲಿಲ್ಲ. ಅವತ್ತು ದೊಡ್ಡ ಮೇಸ್ತ್ರಿಗೆ ಪೆಡಲಿನ ಹಂಗೇ ಇರಲಿಲ್ಲ.

"ನೋಡಿದೆಯಾ?" ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು.

"ನೋಡಿದೆ."

"ನಾನು ಅವತ್ತೇ ನೋಡಿದೆ. ನೀನು ಬರೋಕೆ ಮುಂಚೆ ಪೆಡಲ್ ತುಳೀತಿದ್ದದ್ದು ನಾನೇ ತಾನೆ? ಯಾವಾಗ ಬೇಕು, ಯಾವಾಗ ಬೇಡ ಅಂತ ನನಗೂ ಗೊತ್ತು. ಪೇಟೆಯಿಂದ ಮೆಕ್ಯಾನಿಕ್ ಬರ್ತೀನಿ ಅಂದ. ಬೇಡ, ನಮ್ಮ ಎದುರಿಗೇ ಇದ್ದಾನೆ, ಅವನೇ ಬಂದು ನೋಡಲಿ ಅಂದೆ."

"ಅಕ್ಕ, ಅವತ್ತು ನಾನು..."

"ಕೆಲಸ ಮಾಡು ಸಣ್ಣ. ಸಸಿ ಬಾಡುತ್ತೆ."

ಅವನು ಮಾಡಿದ. ಕ್ಯಾಲಿಪರಿನ ತೂತಿಗೆ ಗ್ರೀಸ್ ಗನ್ ಸೇರಿಸಿ ಮೆಲ್ಲ ಮೆಲ್ಲಗೆ ಒತ್ತಿದ. ಗಾಳಿ ಹೊಡೆದರೆ ಪಿಸ್ಟನ್ ಗುಂಡಿನಂತೆ ಹಾರಿ ಬೆರಳು ಮುರಿಯುತ್ತದೆ, ಗ್ರೀಸಾದರೆ ಬಸವನ ಹುಳುವಿನ ಹಾಗೆ ಹೊರಗೆ ಬರುತ್ತದೆ. ಹಾಗೆಂದು ದೊಡ್ಡ ಮೇಸ್ತ್ರಿ ನಿಂತು ಹೇಳಿಕೊಟ್ಟ ಜಾಗವೇ ಅದು. ಪಿಸ್ಟನ್ ಕಿರುಗುಟ್ಟುತ್ತ ಹೊರಬಂತು, ಮೈತುಂಬ ತುಕ್ಕಿನ ಕಜ್ಜಿ. ಹೊಸ ಪಿಸ್ಟನ್ನು, ಸೀಲುಗಳು ಬೆಂಚಿನ ಮೇಲೆಯೇ ಇದ್ದವು. ದೊಡ್ಡ ಮೇಸ್ತ್ರಿ ಎರಡೂ ಕಡೆಗೆಂದು ತಂದು, ಕವರು ಕೂಡ ಹರಿಯದೆ ಇಟ್ಟಿದ್ದ. ಸಣ್ಣ ಮೇಸ್ತ್ರಿ ಕವರು ಹರಿಯುವ ಮುನ್ನ ಯಾರನ್ನೋ ಕೇಳಬೇಕೆಂಬಂತೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ನಿಂತ. ಒಳಗೋಡೆ ಉಜ್ಜಿದ, ಸೀಲು ಕೂರಿಸಿದ, ಒಣಗಿ ಬಿಗಿದಿದ್ದ ಪಿನ್ನುಗಳಿಗೆ ಗ್ರೀಸು ಹಚ್ಚಿ ಜಾರುವಂತೆ ಮಾಡಿದ. ಬಲ ಮುಗಿದ ಮೇಲೆ ಎಡ. ಎಡದ್ದು ನಿಂತೂ ನಿಂತೂ ಕಚ್ಚಿಕೊಂಡಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಗಾಳಿ ತೆಗೆಯುವ ಕೆಲಸ ಬಂತು. ಅವನು ಬಾಯಿ ಬಿಡುವ ಮೊದಲೇ ಅಕ್ಕ ಸೀಟಿಗೆ ಹತ್ತಿದಳು. ಅವನು ಚಕ್ರದ ಬಳಿ ಮಲಗಿದ.

"ತುಳೀರಿ."

ಪೆಡಲ್ ನರಳಿತು.

"ಹಿಡೀರಿ."

"ಹಿಡಿದಿದ್ದೀನಿ."

ನಿಪ್ಪಲ್ ಸಡಿಲಿಸಿದ. ಟ್ಯೂಬಿನಲ್ಲಿ ಗುಳ್ಳೆ ಗುಳ್ಳೆಯಾಗಿ ಆಯಿಲ್ ಇಳಿಯಿತು. ಆಗಲೇ ರಸ್ತೆಯಾಚೆ, ಕಾದು ಬೇಸತ್ತವರೆಲ್ಲ ಹೋಗಿ ಬರಿದಾಗಿದ್ದ ಅವನದೇ ಅಂಗಡಿಯ ಕಡೆಯಿಂದ, ಟಣ್. ಸ್ವಲ್ಪ ಬಿಟ್ಟು ಮತ್ತೆ, ಟಣ್. ಅವನ ಕೈ ನಿಂತಿತು.

"ಬಿಡಲಾ?" ಮೇಲಿನಿಂದ ಅಕ್ಕ ಕೇಳಿದಳು.

"ಬೇಡ, ಬೇಡ. ಹಿಡಿದಿರಿ." ಈಗ ಬಿಟ್ಟರೆ ತೆಗೆದ ಗಾಳಿಯೆಲ್ಲ ಮತ್ತೆ ಒಳಗೆ. ಅವನು ನಿಪ್ಪಲ್ ಬಿಗಿದ. "ಬಿಡಿ. ಅಕ್ಕ, ನಿಮಗೆ ಕೇಳಿಸಿತಾ?"

"ದಿನಾ ಕೇಳಿಸುತ್ತೆ."

"ತಗಡು ಇರಬೇಕು."

"ತಗಡೇ ಇರಬಹುದು. ಆದರೂ ಪ್ರತಿ ಸಲ ನಾನು ಎದ್ದು ಹೋಗಿ ನೋಡಿಕೊಂಡು ಬರ್ತೀನಿ."

ಸಣ್ಣ ಮೇಸ್ತ್ರಿ ಮಲಗಿದಲ್ಲೇ ಕಣ್ಣು ಮುಚ್ಚಿದ. ಆಮೇಲೆ, "ತುಳೀರಿ," ಎಂದ.

ಚಕ್ರ ಹಾಕಿ, ಅವನ ಅಂಗಡಿಯಿಂದ ತಂದ ಬ್ಯಾಟರಿಯಲ್ಲಿ ವ್ಯಾನು ಶುರು ಮಾಡಿದರು. ಅಕ್ಕ ತಾನೇ ರಸ್ತೆಯ ಕೊನೆತನಕ ಓಡಿಸಿಕೊಂಡು ಹೋಗಿ ಬಂದಳು. ಶೆಡ್ಡಿನ ಮುಂದೆ ಬ್ರೇಕು ತುಳಿದಾಗ ವ್ಯಾನು ಆ ಕಡೆ ಈ ಕಡೆ ಎಳೆಯದೆ, ಹೇಳಿದ ಮಾತು ಕೇಳುವ ಎತ್ತಿನಂತೆ ನಿಂತಿತು. ಅವಳು ಇಳಿದು ಸೆರಗಿನ ಗಂಟು ಬಿಚ್ಚಿದಳು.

"ಎಷ್ಟಾಯ್ತು?"

"ಬೇಡ ಅಕ್ಕ. ನನ್ನ ಮೇಲೆ ಒಂದು ಮುಯ್ಯಿ ಉಳಿದಿತ್ತು. ಅದಕ್ಕೆ ಇದು."

"ಅದು ಮುಯ್ಯಿ ಆಗಿದ್ದರೆ ಇದಕ್ಕೆ ವಜಾ ಆಗ್ತಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬುತ್ತಿ ಕಟ್ಟಿಕೊಡುವಾಗ ಮಾತಾಡುತ್ತಿದ್ದ ಹಾಗೇ ಮಾತಾಡಿದಳು. "ಪೆಡಲಿಗೆ ಕರೆದಿರಲಿಲ್ಲ ಅಂತ ನೀನೇ ಕಣ್ಣಾರೆ ನೋಡಿದೆ. ಇನ್ನು ಇವತ್ತು ಪೆಡಲ್ ತುಳಿದವಳೂ ನಾನೇ."

"ನಾನೇನು ಮಾಡಲಿ ಅಕ್ಕ?"

"ಕೂಲಿ ತಗೊ. ಕೆಲಸಕ್ಕೆ ನಾನು ಬಾಕಿ ಇಟ್ಟುಕೊಳ್ಳಲ್ಲ." ಅವನ ಕಪ್ಪು ಅಂಗೈಯಲ್ಲಿ ನೋಟುಗಳನ್ನಿಟ್ಟು, ಬೆರಳುಗಳನ್ನು ತಾನೇ ಮಡಚಿದಳು. "ಆ ಇನ್ನೊಂದು ಬಾಕೀನ ಇಸ್ಕೊಳ್ಳೋನು ಈಗ ಇಲ್ಲ. ನನ್ನ ಕೈಗೆ ಕೊಡೋಕೆ ಬರಬೇಡ, ನಾನು ಅದನ್ನ ತಗೊಳ್ಳಲ್ಲ."

ಅವಳು ವ್ಯಾನನ್ನು ಮನೆಯ ಕಡೆ ತಿರುಗಿಸಿದಳು. ಸಸಿ ತುಂಬಿಕೊಳ್ಳಬೇಕಿತ್ತು. ಸಣ್ಣ ಮೇಸ್ತ್ರಿ ಮುಷ್ಟಿ ಬಿಚ್ಚದೆ ರಸ್ತೆಯ ನಡುವೆ ನಿಂತ. ಹಿಂದಿನಿಂದ ಬಂದ ಗಾಡಿಯೊಂದು ಹಾರ್ನು ಹಾಕಿ, ಅವನನ್ನು ಬಳಸಿಕೊಂಡು ಮುಂದೆ ಹೋಯಿತು.